ಆಸ್ಟ್ರೋ ಬಾಯ್ ಸಿನಿಮಾದಲ್ಲಿ ಅಪ್ಪನನ್ನು ಅಷ್ಟು ಸುಲಭವಾಗಿ ಕ್ಷಮಿಸಿದ್ದು ಸರೀನಾ?

ಪುಟಾಣಿ ಯಂತ್ರ:
ನಿನ್ನೆ ರಾತ್ರಿ ಎಂಟು ವರ್ಷದ ಮಗಳ ಜೊತೆ ಕೂತು 2009ರ ಆಸ್ಟ್ರೋ ಬಾಯ್ ಸಿನಿಮಾ, ಅದೇ ಆ ರೋಬೋಟ್ ಹುಡುಗನ ಕಥೆ, ಮತ್ತೆ ನೋಡಿದೆ. ಬಂದ ಹೊಸದರಲ್ಲಿ ನೋಡಿದಾಗ ಸಿಟ್ಟು ಬಂದಿತ್ತು. ಚಿಕ್ಕಂದಿನಲ್ಲಿ 1980ರ ಬಣ್ಣದ ಸರಣಿಯನ್ನು ಬಾಯಿ ಬಿಟ್ಟುಕೊಂಡು ನೋಡಿದವನು ನಾನು. ಕರಿ ಚಡ್ಡಿ, ಕೆಂಪು ಬೂಟು, ಕಾಲಿನಿಂದ ಬರುವ ಬೆಂಕಿ, ಅಷ್ಟಿದ್ದರೆ ಸಾಕಿತ್ತು. ಸಿನಿಮಾದವರು ಅವನಿಗೆ ಜಾಕೆಟ್ಟು, ಪ್ಯಾಂಟು ತೊಡಿಸಿದ್ದು ನೋಡಿ ಅವತ್ತು ಗೊಣಗಿಕೊಂಡು ಎದ್ದು ಬಂದಿದ್ದೆ.

ಈ ಸಲ ಬಟ್ಟೆ ಕಡೆ ಗಮನವೇ ಹೋಗಲಿಲ್ಲ. ಸತ್ತ ಮಗನ ಹಾಗೇ ಈ ಹುಡುಗನನ್ನು ಮಾಡಿದ ವಿಜ್ಞಾನಿ ಡಾ. ಟೆನ್ಮಾ, ಅವನ ಮುಖಕ್ಕೆ ಹೊಡೆದ ಹಾಗೆ, ನೀನು ನನ್ನ ಮಗನಲ್ಲ, ನನಗೆ ಬೇಡ ಅನ್ನುವ ಜಾಗ ಇದೆಯಲ್ಲ, ಅಲ್ಲಿ ಮಗಳು ಮಾತು ನಿಲ್ಲಿಸಿದಳು. ಆಮೇಲೆ ಅಷ್ಟೆಲ್ಲ ಹೊಡೆದಾಟ ಆಯಿತು, ನಗಲಿಲ್ಲ. ಕೊನೆಯಲ್ಲಿ ಅಪ್ಪ ಮಗ ಒಂದಾದಾಗ ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅವಳು ಕೇಳಿದಳು: "ಅವತ್ತು ಬೇಡ ಅಂದೋನು ಇವತ್ತು ಬೇಕು ಅಂದ್ರೆ ಇವನು ಹೋಗ್ಲೇಬೇಕಾ?"

ಉತ್ತರ ಸಿಗಲಿಲ್ಲ. ನಾನು ನೋಡಿದ ಕಾರ್ಟೂನಿನಲ್ಲಿ ಟೆನ್ಮಾ ಅವನನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ, ದೊಡ್ಡ ಮೂಗಿನ ಇನ್ನೊಬ್ಬ ವಿಜ್ಞಾನಿ ಒಚನೋಮಿಜು ಬಂದು ಬಿಡಿಸಿಕೊಂಡು ಹೋಗುತ್ತಾನೆ. ಅಲ್ಲಿಗೆ ಮುಗೀತು, ಸಾಕಿದವನೇ ಅಪ್ಪ. ಸಿನಿಮಾದವರು ಇದನ್ನು ಯಾಕೆ ಬದಲಾಯಿಸಿದರು? ಚೆನ್ನಾಗಿ ಮಾಡಿದರಾ, ಕೆಡಿಸಿದರಾ? ನಿಮ್ಮ ಅನಿಸಿಕೆ ಹೇಳಿ.

ಮೂಲೆ ಸೀಟು:
ಕೆಡಿಸಿದರು. ಮುಂದಿನ ಪ್ರಶ್ನೆ?

ಹಳೇ ಕ್ಯಾಸೆಟ್:
ಯಂತ್ರ ಅವರೇ, ಒಂದು ಸಣ್ಣ ತಿದ್ದುಪಡಿ. ನಿಮಗೆ ಎರಡು ಕಥೆ ಕಲಸಿಹೋಗಿವೆ. ಅಪ್ಪನೇ ಸರ್ಕಸ್ಸಿಗೆ ಮಾರುವುದು ಈ ಹುಡುಗನನ್ನು ಸೃಷ್ಟಿಸಿದ ಒಸಾಮು ತೆಜುಕಾ ಅವರ ಮೂಲ ಮಾಂಗಾದಲ್ಲಿ (ಅಂದರೆ ಜಪಾನಿನ ಚಿತ್ರಕಥೆ ಪುಸ್ತಕದಲ್ಲಿ) ಮತ್ತು 1963ರ ಕಪ್ಪು ಬಿಳುಪು ಸರಣಿಯಲ್ಲಿ. ನೀವು ನೋಡಿದ 1980ರ ಸರಣಿಯಲ್ಲಿ ಹ್ಯಾಮ್ ಎಗ್ ಅನ್ನೋ ಕಳ್ಳ ಹುಡುಗನಿಗೆ ಮೋಸ ಮಾಡಿ ಸರ್ಕಸ್ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾನೆ. ಅಂದರೆ ಅಪ್ಪನ ತಪ್ಪನ್ನು ತೇಲಿಸುವ ಕೆಲಸ 2009ಕ್ಕೆ ಶುರುವಾಗಿದ್ದಲ್ಲ. ಇಪ್ಪತ್ತೊಂಬತ್ತು ವರ್ಷ ಮೊದಲೇ, ಅದೂ ತೆಜುಕಾ ಬದುಕಿದ್ದಾಗಲೇ ಆಗಿದೆ.

ಪುಟಾಣಿ ಯಂತ್ರ:
ಹೌದಾ! ಇಷ್ಟು ವರ್ಷ ಮಾರಿದ್ದು ಕಣ್ಣಾರೆ ನೋಡಿದ್ದೀನಿ ಅಂತಲೇ ನಂಬಿದ್ದೆ. ಯಾರಿಂದಲೋ ಕೇಳಿದ್ದು ನೋಡಿದ ಹಾಗೆ ಕೂತುಬಿಟ್ಟಿದೆ. ಸರಿ, ಹಾಗಿದ್ದರೆ ನನ್ನ ದೂರು ಅರ್ಧ ಬಿದ್ದುಹೋಯಿತು.

ತಿರುಪು ಮೊಳೆ:
ದೂರು ಬೀಳಲ್ಲ ಬಿಡಿ. ಮಾರಿದ ಕಾರಣ ನೋಡಿ, ಅದು ಮುಖ್ಯ. ಮೂಲದಲ್ಲಿ ಮಗ ತೊಬಿಯೊ ವಾಹನ ಅಪಘಾತದಲ್ಲಿ ಸಾಯುತ್ತಾನೆ. ಅವನ ಹಾಗೇ ರೋಬೋಟ್ ಮಾಡುತ್ತಾನೆ ಟೆನ್ಮಾ. ಸ್ವಲ್ಪ ದಿನ ಚೆನ್ನಾಗಿಯೇ ಇರುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಹುಡುಗ ಬೆಳೀತಾ ಇಲ್ಲ. ಎತ್ತರ ಅಷ್ಟೇ ಇದೆ. ಅದಕ್ಕೇ ಸಿಟ್ಟು! ರೋಬೋಟ್ ಬೆಳೆಯಲ್ಲ ಅಂತ ದೇಶದ ದೊಡ್ಡ ವಿಜ್ಞಾನಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಒಪ್ಪೋಕೆ ಮನಸ್ಸಿರಲಿಲ್ಲ. ಈ ಒಂದು ವಿಷಯ ಚಿಕ್ಕವನಿದ್ದಾಗ ಓದಿ ನಾನು ಬಾಗಿಲ ಚೌಕಟ್ಟಿನಲ್ಲಿ ಅಪ್ಪ ಪೆನ್ಸಿಲ್ಲಿನಿಂದ ಎಳೆದಿದ್ದ ನನ್ನ ಎತ್ತರದ ಗೆರೆಗಳನ್ನು ಹೋಗಿ ನೋಡಿ ಬಂದಿದ್ದೆ. ಮೇಲೆ ಹೋಗ್ತಾ ಇದೆಯಾ ಅಂತ.

ಸಿನಿಮಾದಲ್ಲಿ ಈ ಎತ್ತರದ ಮಾತೇ ಇಲ್ಲ. ಸತ್ತ ಮಗನ (ಇಲ್ಲಿ ಅವನ ಹೆಸರು ಟೋಬಿ) ಟೋಪಿಗೆ ಅಂಟಿದ್ದ ಒಂದು ಕೂದಲಿನಿಂದ ಅವನ ನೆನಪನ್ನೆಲ್ಲ ತೆಗೆದು ತುಂಬುತ್ತಾರೆ. ಹುಡುಗನಿಗೆ ತಾನು ರೋಬೋಟ್ ಅಂತಲೇ ಗೊತ್ತಿರೋದಿಲ್ಲ. ಇದು ಮೂಲಕ್ಕಿಂತ ಕ್ರೂರ ಅನಿಸುತ್ತೆ ನನಗೆ.

ನಿದ್ದೆಗೇಡಿ:
ಕ್ರೂರ ಅಂತೀರಿ, ಅದೇ ಒಳ್ಳೇ ಬದಲಾವಣೆ ಅಲ್ವಾ? ತಾನು ಯಾರು ಅಂತ ಗೊತ್ತಾಗುವ ಜಾಗ ಬಂದಾಗ ನಮಗೂ ಹೊಟ್ಟೆ ಹಿಂಡುತ್ತೆ. ಮೂಲದ ಹುಡುಗನಿಗೆ ಮೊದಲ ದಿನದಿಂದ ಗೊತ್ತು.

ಶನಿವಾರದ ಸಂಜೆ:
ಯಾರಾದ್ರೂ ಆಸ್ಟ್ರೋ ಹಿಂಭಾಗದಿಂದ ಹೊರಬರೋ ಆ ಮೆಷಿನ್ ಗನ್ ಬಗ್ಗೆ ಮಾತಾಡ್ತೀರಾ ಇಲ್ವಾ

ಮೂಲೆ ಸೀಟು:
ನಿಮ್ಮನ್ನೇ ಕಾಯ್ತಾ ಇದ್ವಿ ಸಂಜೆಯವರೇ.

ಹಳೇ ಕ್ಯಾಸೆಟ್:
ನಗಬೇಡಿ, ಅದು ಮೂಲದ್ದೇ. ಏಳು ಶಕ್ತಿಗಳಲ್ಲಿ ಅದೂ ಒಂದು. 1 ಲಕ್ಷ ಅಶ್ವಶಕ್ತಿ, ಕಾಲಲ್ಲಿ ಜೆಟ್, ಕಣ್ಣಲ್ಲಿ ಸರ್ಚ್‌ಲೈಟ್, ಸಾವಿರ ಪಟ್ಟು ಚುರುಕು ಕಿವಿ, ಮತ್ತೆ ಆ ಗನ್ನು. ಸಿನಿಮಾದವರು ಕೈಬಿಡದೆ ಉಳಿಸಿಕೊಂಡ ಒಂದೇ ಒಂದು ಸಂಪ್ರದಾಯ ಅದು ಅಂತ ನನ್ನ ಅನುಮಾನ.

ಗೀಚುಗಾರ:
ಅನಿಮೇಷನ್ ಕೆಲಸ ಮಾಡುವವನು ನಾನು. ಕಥೆ ಬಿಡಿ, ಆಸ್ಟ್ರೋ ತಲೆಗೂದಲಿನ ಬಗ್ಗೆ ಸ್ವಲ್ಪ ಹೇಳಬೇಕು, ತಡೆಯೋಕಾಗ್ತಿಲ್ಲ.

ಅವನ ತಲೆ ಮೇಲೆ ಕೂದಲಿನದೇ ಎರಡು ಕೊಂಬಿದೆ ಅಲ್ವಾ? ತೆಜುಕಾ ಚಿತ್ರಗಳಲ್ಲಿ ಅವನು ಎತ್ತ ತಿರುಗಿದರೂ ಎರಡೂ ಕಾಣುತ್ತವೆ. ಪಕ್ಕದಿಂದ ನೋಡಿದರೂ ಎರಡು, ಹಿಂದಿನಿಂದ ನೋಡಿದರೂ ಎರಡು. ಮಿಕ್ಕಿ ಮೌಸ್ ಕಿವಿ ಇದ್ದ ಹಾಗೆ. ಕಾಗದದ ಮೇಲೆ ಇದು ತೊಂದರೆಯೇ ಅಲ್ಲ, ಸುಮ್ನೆ ಬರೆದರಾಯಿತು. ಕಲಿಯುವಾಗ ನಾನು ಹುಮ್ಮಸ್ಸಿಗೆ ಬಿದ್ದು ಆ ತಲೆಯನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ಮಾಡಲು ಕೂತೆ. ಮುಂದಿನಿಂದ ಸರಿ ಮಾಡಿದೆ, ಪಕ್ಕಕ್ಕೆ ತಿರುಗಿಸಿದರೆ ಒಂದು ಕೊಂಬು ಇನ್ನೊಂದರ ಹಿಂದೆ ಅವಿತುಕೊಂಡಿತು. ಒಂದನ್ನು ಹಿಂದಕ್ಕೆ ಜರುಗಿಸಿದೆ, ಮುಂದಿನಿಂದ ನೋಡಿದರೆ ಹಣೆಗೆ ಬಾಳೆಹಣ್ಣು ಮೆತ್ತಿದ ಹಾಗೆ ಆಯಿತು. ಕೊನೆಗೆ ಎರಡು ಕೊಂಬನ್ನೂ ತಲೆಯಿಂದ ಬಿಡಿಸಿ, ಕ್ಯಾಮೆರಾ ತಿರುಗಿದ ಹಾಗೆ ನೆತ್ತಿ ಮೇಲೆ ಜಾರುವಂತೆ ಮಾಡಿದೆ. ಹತ್ತು ದಿನ ಹೋಯಿತು. ಮೇಷ್ಟ್ರು ನೋಡಿ, ಇದು ಕೂದಲಾ, ಕಾರಿನ ವೈಪರಾ ಅಂದರು.

ಅದಕ್ಕೇ ಸಿನಿಮಾ ಮಾಡಿದವರನ್ನು ಬೈಯುವಾಗ ನನಗೆ ಕೈ ಬರೋದಿಲ್ಲ. ಒಬ್ಬ ಮನುಷ್ಯ ಪೆನ್ನಲ್ಲಿ ಮಾಡಿದ ಸುಳ್ಳನ್ನು ನಿಜ ಮಾಡೋದು ಸುಲಭ ಅಲ್ಲ.

ಹಳೇ ಕ್ಯಾಸೆಟ್:
ಗೀಚುಗಾರರೇ, ಆ ಕಷ್ಟ ಒಪ್ಪಿದೆ. ಆದರೆ ಯಾಕೆ ಆ ಕಷ್ಟ ಪಡಬೇಕಿತ್ತು? ಕೈಚಿತ್ರದಲ್ಲೇ ಮಾಡಬಹುದಿತ್ತಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಮುಖಕ್ಕೆ ಪ್ಲಾಸ್ಟಿಕ್ ಹೊಳಪು ಬಂದಿದೆ. ರೋಬೋಟು, ಮನುಷ್ಯರು ಎಲ್ಲರದ್ದೂ ಒಂದೇ ಚರ್ಮ. ಯಾರು ರೋಬೋಟ್ ಅನ್ನೋದೇ ಕಥೆಯ ಜೀವಾಳ, ಅಲ್ಲಿ ಮನುಷ್ಯರೇ ಗೊಂಬೆ ಹಾಗೆ ಕಂಡರೆ ಹೇಗೆ?

ಗೀಚುಗಾರ:
ಇದನ್ನು ಕೇಳಿ ಕೇಳಿ ಸಾಕಾಗಿದೆ ಸಾರ್. ಹಳೇದು ಕೈಚಿತ್ರ ಅಂದ ಮಾತ್ರಕ್ಕೆ ಚಿನ್ನ ಅಲ್ಲ. 1963ರ ಸರಣಿ ವಾರಕ್ಕೊಂದು ಕಂತು ಬರಬೇಕಿತ್ತು. ಅದಕ್ಕೆ ಒಂದು ಚಿತ್ರವನ್ನು ಮೂರು ಫ್ರೇಮ್ ಹಿಡಿದರು, ಅಂದರೆ ಸೆಕೆಂಡಿಗೆ 24ರ ಬದಲು 8 ಚಿತ್ರ. ಮಾತಾಡುವಾಗ ಬಾಯಿ ಮಾತ್ರ ಆಡುತ್ತೆ, ಮುಖ ಕಲ್ಲು. ಒಮ್ಮೆ ಹಾರಿದ ಚಿತ್ರವನ್ನು ಎತ್ತಿಟ್ಟುಕೊಂಡು ಮೋಡ ಬದಲಾಯಿಸಿ ಹತ್ತು ಸಲ ಹಾರಿಸುತ್ತಾರೆ. ಆ ಸರಣಿ ನಿಂತಿದ್ದು ಚಿತ್ರದ ಅಂದದ ಮೇಲಲ್ಲ, ಕಥೆ ಮೇಲೆ.

ಹಳೇ ಕ್ಯಾಸೆಟ್:
ನಾನೂ ಅದನ್ನೇ ಹೇಳ್ತಿರೋದು! ದುಡ್ಡಿಲ್ಲದೆ ಮಾಡಿದ್ದರಲ್ಲಿ ಕಥೆ ಇತ್ತು. ತಯಾರಿಕೆ ಖರ್ಚಿಗಿಂತ ಕಮ್ಮಿಗೆ ಟಿವಿಗೆ ಮಾರಿದರು ತೆಜುಕಾ. ಅಷ್ಟಾದರೂ 193 ಕಂತು ಮಾಡಿದರು. ಸಿನಿಮಾಕ್ಕೆ ಸುಮಾರು 6.5 ಕೋಟಿ ಡಾಲರ್ ಸುರಿದರು, ಬಂದಿದ್ದು ಸುಮಾರು 4.2 ಕೋಟಿ. ಅದರಲ್ಲಿ ಥಿಯೇಟರಿನವರ ಪಾಲು ಬೇರೆ. ಮುಂದಿನ ವರ್ಷ ಅದನ್ನು ಮಾಡಿದ ಹಾಂಗ್‌ಕಾಂಗಿನ ಇಮಾಗಿ ಸ್ಟುಡಿಯೋ ಅನಿಮೇಷನ್ ಕೆಲಸವನ್ನೇ ನಿಲ್ಲಿಸಿತು.

ನಿದ್ದೆಗೇಡಿ:
ದುಡ್ಡು ಬರಲಿಲ್ಲ ಅಂದರೆ ಕೆಟ್ಟ ಸಿನಿಮಾ ಅಂತಾನಾ? ಇದೆಂಥ ಲೆಕ್ಕ.

ಹಳೇ ಕ್ಯಾಸೆಟ್:
ಹಾಗೆ ಹೇಳಲಿಲ್ಲ. ಆದರೆ ಆಸ್ಟ್ರೋನ ತವರಲ್ಲೇ, ಜಪಾನಿನಲ್ಲೇ ಓಡಲಿಲ್ಲವಲ್ಲ, ಅದಕ್ಕೊಂದು ಕಾರಣ ಇರುತ್ತೆ. ಅಲ್ಲಿ ಅವನು ಬರೀ ಕಾರ್ಟೂನ್ ಅಲ್ಲ. ಕಥೆಯ ಪ್ರಕಾರ ಅವನು ಹುಟ್ಟಿದ್ದು 2003ರ ಏಪ್ರಿಲ್ 7. ಆ ದಿನ ನಿಜವಾಗಿ ಬಂದಾಗ ನೀಜಾ ಅನ್ನೋ ಊರು ಅವನನ್ನು ತನ್ನ ನಿವಾಸಿ ಅಂತ ನೋಂದಾಯಿಸಿಕೊಂಡಿತು. ಟೋಕಿಯೋದ ತಕದನೋಬಾಬಾ ನಿಲ್ದಾಣದಲ್ಲಿ ರೈಲು ಹೊರಡುವಾಗ ಅವನ ಹಾಡಿನ ರಾಗವೇ ಬರುತ್ತೆ. ಅಂಥ ಹುಡುಗನನ್ನು ಮೆಟ್ರೋ ಸಿಟಿ ಅನ್ನೋ ತೇಲುವ ಊರಿಗೆ ಒಯ್ದು ಅಮೆರಿಕದ ಹುಡುಗನ ಹಾಗೆ ಮಾತಾಡಿಸಿದರೆ?

ಬಿಸಿಲು ಮಚ್ಚು:
ತೇಲುವ ಊರು ನನಗೆ ಇಷ್ಟ ಆಯ್ತಪ್ಪ. ಮೇಲೆ ಸುಖದ ಜನ, ಕೆಳಗೆ ಅವರು ಎಸೆದ ರೋಬೋಟ್‌ಗಳ ರಾಶಿ. ಒಂದೇ ನೋಟಕ್ಕೆ ಎಲ್ಲ ಅರ್ಥ ಆಗುತ್ತೆ. ಆ ಕಸದ ಡಬ್ಬಿಯಂಥ ರೋಬೋಟ್ ನಾಯಿ ಕೂಡ ಇಷ್ಟ.

ಶನಿವಾರದ ಸಂಜೆ:
ಕಸದ ಡಬ್ಬಿ ನಾಯಿಗೆ ನನ್ನ ಓಟು

ತಿರುಪು ಮೊಳೆ:
ಎಲ್ಲರೂ ಅಪ್ಪನನ್ನು ಬಿಟ್ಟು ನಾಯಿ ಹಿಂದೆ ಹೋದಿರಿ. ವಾಪಸ್ ಬನ್ನಿ.

ನನ್ನ ನಿಜವಾದ ತಕರಾರು ಸಿನಿಮಾದಲ್ಲಿ ಬರುವ ನೀಲಿ, ಕೆಂಪು ಶಕ್ತಿಯ ಬಗ್ಗೆ. ಜಪಾನಿನಲ್ಲಿ ಈ ಹುಡುಗನ ಹೆಸರೇ ಆಟಮ್. ಎದೆಯೊಳಗೆ ಅಣುಶಕ್ತಿ. ಹಿರೋಷಿಮಾ, ನಾಗಾಸಾಕಿ ಆಗಿ ಆರೇ ವರ್ಷಕ್ಕೆ, 1951ರಲ್ಲಿ, ಆ ದೇಶದ ಒಬ್ಬ ಯುವಕ ಮಕ್ಕಳ ಪತ್ರಿಕೆಯಲ್ಲಿ ಅಣು ಅಂತಲೇ ಹೆಸರಿಟ್ಟು ಒಂದು ಪಾತ್ರ ಮಾಡುತ್ತಾನೆ. ಆ ಪಾತ್ರದ ತಂಗಿಯ ಹೆಸರು ಉರಾನ್, ಯುರೇನಿಯಂ! ಊರನ್ನು ಸುಟ್ಟ ಬೆಂಕಿಯೇ ಒಂದು ಮಗುವಿನ ಎದೆಯಲ್ಲಿ ಕೂತು ಒಳ್ಳೇದು ಮಾಡಬಹುದಾ ಅಂತ ಕೇಳಿದ ಹಾಗಿದೆ ಅದು. ಸಿನಿಮಾದಲ್ಲಿ ನಕ್ಷತ್ರದಿಂದ ಬಂದ ನೀಲಿ ಉಂಡೆ ಒಳ್ಳೇದು, ಕೆಂಪು ಉಂಡೆ ಕೆಟ್ಟದ್ದು. ಮುಗೀತು. ಮೂಲದಲ್ಲಿ ಒಳ್ಳೇದೂ ಕೆಟ್ಟದ್ದೂ ಒಂದೇ ಉಂಡೆಯಲ್ಲಿತ್ತು ಸ್ವಾಮಿ.

ಗೀಚುಗಾರ:
ಇದಕ್ಕೆ ನನ್ನ ಬಳಿ ಉತ್ತರ ಇಲ್ಲ. ಇದು ಸರಿಯಾದ ತಕರಾರು.

ಮೂಲೆ ಸೀಟು:
ಗೀಚುಗಾರರು ಸೋತ ದಿನ, ಎಲ್ಲರೂ ಬರೆದಿಟ್ಟುಕೊಳ್ಳಿ.

ಅಮ್ಮನ ಕನ್ನಡಕ:
ನಾನು ಸಾಮಾನ್ಯವಾಗಿ ಓದಿ ಸುಮ್ನಾಗುವವಳು. ಯಂತ್ರ ಅವರ ಮಗಳ ಪ್ರಶ್ನೆ ಬಿಡ್ತಾ ಇಲ್ಲ, ಅದಕ್ಕೆ ಬರೀತಿದ್ದೀನಿ.

ತೆಜುಕಾ ತಮ್ಮ ಕಥೆಯ ಲೋಕಕ್ಕೆ ರೋಬೋಟ್ ಕಾನೂನು ಅಂತ ಒಂದು ಪಟ್ಟಿ ಮಾಡಿದ್ದಾರೆ. ಮನುಷ್ಯರ ಸೇವೆ ಮಾಡಬೇಕು, ಮನುಷ್ಯರನ್ನು ಕೊಲ್ಲಬಾರದು, ಗಾಯ ಮಾಡಬಾರದು ಅನ್ನೋವೆಲ್ಲ ಇವೆ. ಅದರಲ್ಲಿ ಒಂದು ಹೀಗಿದೆ: ರೋಬೋಟ್ ತನ್ನನ್ನು ಮಾಡಿದ ಮನುಷ್ಯನನ್ನು ಅಪ್ಪ ಅಂತಲೇ ಕರೆಯಬೇಕು.

ಯೋಚನೆ ಮಾಡಿ. ಅಪ್ಪ ಅನ್ನೋದು ಪ್ರೀತಿಯ ಮಾತಲ್ಲ ಅಲ್ಲಿ, ಕಾನೂನು. ಸರ್ಕಸ್ಸಿಗೆ ಮಾರಿದರೂ ಅಪ್ಪ. ಬೀದಿಗೆ ಹಾಕಿದರೂ ಅಪ್ಪ. ಮಾಂಗಾದಲ್ಲಿ ಒಚನೋಮಿಜು ಮಾಡುವ ಅತ್ಯಂತ ಒಳ್ಳೇ ಕೆಲಸ ಅವನನ್ನು ಬಿಡಿಸಿಕೊಂಡು ಬಂದದ್ದಲ್ಲ ಅಂತ ನನಗನಿಸುತ್ತೆ. ಹುಡುಗನಿಗೆ ಅಂತಲೇ ರೋಬೋಟ್ ಅಪ್ಪ ಅಮ್ಮನನ್ನು ಮಾಡಿಕೊಡುತ್ತಾನೆ, ಮನೆ ಮಾಡಿಕೊಡುತ್ತಾನೆ, ಶಾಲೆಗೆ ಕಳಿಸುತ್ತಾನೆ. ನನ್ನನ್ನೇ ಅಪ್ಪ ಅನ್ನು ಅಂತ ಕೇಳಲಿಲ್ಲ ಆ ಮುದುಕ.

ಸಿನಿಮಾದಲ್ಲಿ ಆ ಮನೆ ಇಲ್ಲ. ಒಚನೋಮಿಜು ಡಾ. ಎಲಿಫನ್ ಆಗಿ ಒಳ್ಳೇ ಮಾತಾಡುವ ತಾತ ಆಗಿದ್ದಾರೆ ಅಷ್ಟೆ. ಹುಡುಗನಿಗೆ ಹೋಗೋಕೆ ಇನ್ನೊಂದು ಮನೆಯೇ ಇಲ್ಲದ ಮೇಲೆ ಅವನು ಟೆನ್ಮಾ ಹತ್ತಿರ ಹೋಗದೆ ಇನ್ನೇನು ಮಾಡ್ತಾನೆ? ನಿಮ್ಮ ಮಗಳು ಕೇಳಿದ್ದು ಅದನ್ನೇ ಅನಿಸುತ್ತೆ.

ಪುಟಾಣಿ ಯಂತ್ರ:
ಕನ್ನಡಕ ಅವರೇ, ನೀವು ಇಷ್ಟು ದಿನ ಯಾಕೆ ಸುಮ್ನಿದ್ರಿ? ಇದನ್ನು ಮೂರು ಸಲ ಓದಿದೆ.

ನಿದ್ದೆಗೇಡಿ:
ಮೇಡಂ ಬರೆದದ್ದು ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಲ್ಲ. ಸಿನಿಮಾದ ಟೆನ್ಮಾ ಬರೀ ಅಪ್ಪಿಕೊಂಡು ಪಾಸಾಗೋದಿಲ್ಲ. ಹುಡುಗ ಸಿಕ್ಕಿಬಿದ್ದ ಮೇಲೆ ಟೆನ್ಮಾ ತನ್ನ ಕೈಯಾರೆ ಅವನ ಎದೆಯಿಂದ ನೀಲಿ ಶಕ್ತಿ ತೆಗೆಯುತ್ತಾನೆ. ತೆಗೆಯುವ ಮೊದಲು ಮಲಗಿರೋ ಮಗುವೇ ಅಪ್ಪನ ಹತ್ತಿರ ಕ್ಷಮೆ ಕೇಳುತ್ತೆ, ತಾನು ಟೋಬಿಯಷ್ಟು ಚೆನ್ನಾಗಿ ಇರೋಕಾಗಲಿಲ್ಲ ಅಂತ. ಕಣ್ಣು ಆರಿಹೋಗುತ್ತೆ. ಆಮೇಲೆ ಅಪ್ಪನಿಗೆ ತಡೆಯೋಕಾಗಲ್ಲ, ಮೆಟ್ರೋ ಸಿಟಿಯ ಅಧ್ಯಕ್ಷ ಸ್ಟೋನ್ ಎದುರಿಗೇ ತಿರುಗಿಬಿದ್ದು ಅದನ್ನು ವಾಪಸ್ ಇಡುತ್ತಾನೆ. ಅಂದರೆ ಅವನು ಟೋಬಿಯನ್ನು ಬಿಟ್ಟುಕೊಟ್ಟು ಇವನನ್ನು ಒಪ್ಪಿಕೊಂಡ. ಹಳೇ ಟೆನ್ಮಾಗೆ ಇದು ಯಾವತ್ತೂ ಆಗಲಿಲ್ಲ.

ಅಮ್ಮನ ಕನ್ನಡಕ:
ಅದೇ ಜಾಗದಲ್ಲೇ ನನಗೆ ಮೈ ಉರಿಯೋದು ನಿದ್ದೆಯವರೇ. ಕ್ಷಮೆ ಕೇಳಬೇಕಾದವನು ಯಾರು, ಕೇಳಿದವನು ಯಾರು?

ನಿದ್ದೆಗೇಡಿ:
ಮಕ್ಕಳು ಹಾಗೇ ಅಲ್ವಾ ಮೇಡಂ. ಅಪ್ಪ ಬೈದರೆ ತಪ್ಪು ತನ್ನದೇ ಅಂದುಕೊಳ್ಳುತ್ತವೆ. ಅದನ್ನು ತೋರಿಸಿದ್ದು ಸುಳ್ಳಲ್ಲ. ನನ್ನಪ್ಪ ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದರು, ಕಾರಣ ಬೇಡ. ನಾನೇ ಹೋಗಿ ತಪ್ಪಾಯಿತು ಅಂದೆ. ಏನು ತಪ್ಪು ಅಂತ ಇವತ್ತಿಗೂ ಗೊತ್ತಿಲ್ಲ. ಅವರೂ ಹೇಳಲಿಲ್ಲ. ಸಿನಿಮಾದಲ್ಲಿ ಆ ಅಪ್ಪ ಕೈ ನಡುಗಿಸಿಕೊಂಡು ನಿಂತಿದ್ದು ನೋಡಿ, ಇಷ್ಟಾದರೂ ಆಯಿತಲ್ಲ ಅನಿಸಿತು.

ಅಮ್ಮನ ಕನ್ನಡಕ:
ಸರಿ. ಇದರ ಮೇಲೆ ನಾನು ವಾದ ಮಾಡಲ್ಲ.

ಬಿಸಿಲು ಮಚ್ಚು:
ವಿಷಯಾಂತರಕ್ಕೆ ಕ್ಷಮಿಸಿ, ಆ ಕಾನೂನು ಪಟ್ಟಿಯಲ್ಲಿ ಇನ್ನೇನಿದೆ?

ಅಮ್ಮನ ಕನ್ನಡಕ:
ವಿಚಿತ್ರ ವಿಚಿತ್ರ ಇವೆ. ದುಡ್ಡು ಬಿಟ್ಟು ಏನು ಬೇಕಾದರೂ ತಯಾರಿಸಬಹುದು. ಅನುಮತಿ ಇಲ್ಲದೆ ಬೇರೆ ದೇಶಕ್ಕೆ ಹೋಗಬಾರದು. ಮನುಷ್ಯರು ಎಸೆದ ರೋಬೋಟನ್ನು ಇನ್ನೊಂದು ರೋಬೋಟ್ ಮತ್ತೆ ಜೋಡಿಸಬಾರದು.

ಗೀಚುಗಾರ:
ನಿಲ್ಲಿ ನಿಲ್ಲಿ. ಕೊನೇದು! ಸಿನಿಮಾದಲ್ಲಿ ಹುಡುಗ ಕಸದ ರಾಶಿಯಲ್ಲಿ ಸತ್ತು ಬಿದ್ದಿದ್ದ ಜಾಗ್ ಅನ್ನೋ ದೈತ್ಯ ರೋಬೋಟಿಗೆ ತನ್ನ ನೀಲಿ ಶಕ್ತಿಯಲ್ಲೇ ಸ್ವಲ್ಪ ಕೊಟ್ಟು ಎಬ್ಬಿಸುತ್ತಾನೆ. ಆಮೇಲೆ ಕೊನೆಯಲ್ಲಿ ಹುಡುಗ ಸತ್ತಾಗ ಅದೇ ಜಾಗ್ ಆ ಶಕ್ತಿ ವಾಪಸ್ ಕೊಟ್ಟು ಇವನನ್ನು ಎಬ್ಬಿಸುತ್ತೆ. ಎರಡು ಸಲವೂ ಎಸೆದ ರೋಬೋಟನ್ನು ಇನ್ನೊಂದು ರೋಬೋಟ್ ಎಬ್ಬಿಸಿದ್ದು. ಅಂದರೆ ಹುಡುಗನನ್ನು ಕೊನೆಗೆ ಬದುಕಿಸಿದ್ದು ಅಪ್ಪ ಅಲ್ಲವೇ ಅಲ್ಲ!

ತಿರುಪು ಮೊಳೆ:
ಅಯ್ಯೋ ಹೌದಲ್ಲ. ಇದನ್ನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ.

ಹಳೇ ಕ್ಯಾಸೆಟ್:
ಕಾಕತಾಳೀಯ ಇರಬಹುದು. ಬರೆದವರು ಆ ಪಟ್ಟಿ ನೋಡಿ ಮಾಡಿದರು ಅಂತ ನಾನು ನಂಬಲ್ಲ. ಆದರೆ ಚೆನ್ನಾಗಿದೆ, ಒಪ್ಪಿದೆ.

ಇನ್ನೊಂದು ಮಾತು. ನಿದ್ದೆಯವರು ಹಳೇ ಟೆನ್ಮಾಗೆ ಯಾವತ್ತೂ ಆಗಲಿಲ್ಲ ಅಂದರು. ಪೂರ್ತಿ ಹಾಗಲ್ಲ. ಮಾಂಗಾದಲ್ಲಿ ಪ್ಲೂಟೋ ಅನ್ನೋ ರೋಬೋಟ್ ಜೊತೆ ಹೋರಾಡೋಕೆ ಹುಡುಗನಿಗೆ ಬಲ ಸಾಲದೆ ಬಂದಾಗ, ಅವನನ್ನು 1 ಲಕ್ಷದಿಂದ 10 ಲಕ್ಷ ಅಶ್ವಶಕ್ತಿಗೆ ಏರಿಸಿಕೊಡುವವನು ಟೆನ್ಮಾನೇ. ಅಪ್ಪಿಕೊಳ್ಳಲ್ಲ, ಸಾರಿ ಕೇಳಲ್ಲ. ಕೆಲಸ ಮಾಡಿಕೊಡುತ್ತಾನೆ. ಅಂಥ ಅಪ್ಪಂದಿರನ್ನು ನಾನು ಜಾಸ್ತಿ ನೋಡಿದ್ದೀನಿ.

ಮೂಲೆ ಸೀಟು:
ಆ ಪ್ಲೂಟೋ ಕಥೆಯನ್ನೇ ನವೋಕಿ ಉರಾಸಾವಾ ದೊಡ್ಡವರಿಗಾಗಿ ಮತ್ತೆ ಬರೆದರು. 2023ರಲ್ಲಿ ಅನಿಮೇ ಕೂಡ ಬಂತು. ರಿಮೇಕ್ ಅಂದರೆ ಅದು. ಇದನ್ನು ಮೊದಲೇ ಹೇಳಬೇಕು ಅಂತಿದ್ದೆ, ನೀವು ಗನ್ನಿನ ಕಡೆ ಹೋದಿರಿ.

ಶನಿವಾರದ ಸಂಜೆ:
ಗನ್ ಬಗ್ಗೆ ಇನ್ನೂ ಚರ್ಚೆ ಮುಗಿದಿಲ್ಲ

ಬಿಸಿಲು ಮಚ್ಚು:
1963ರ ಸರಣಿ ಈಗ ಶುರು ಮಾಡಿದರೆ ಮಕ್ಕಳಿಗೆ ಹಿಡಿಸುತ್ತಾ? ಕಪ್ಪು ಬಿಳುಪು ಅಂದ ಕೂಡಲೇ ನಮ್ಮ ಹುಡುಗರು ಓಡಿಹೋಗ್ತಾರೆ.

ಹಳೇ ಕ್ಯಾಸೆಟ್:
ಮೊದಲ ಕಂತು ತೋರಿಸಿ, ಅವನು ಹುಟ್ಟುವ ಕಂತು. 1963ರ ಹೊಸ ವರ್ಷದ ದಿನ ಬಂದದ್ದು. ಕೊನೇ ಕಂತು ಮಾತ್ರ ಚಿಕ್ಕವರಿಗೆ ಬೇಡ. ಭೂಮಿ ಉಳಿಸೋಕೆ ಸೂರ್ಯನೊಳಗೆ ಹೋಗುತ್ತಾನೆ, ವಾಪಸ್ ಬರಲ್ಲ. 1966ರ ಡಿಸೆಂಬರ್ 31ಕ್ಕೆ ಅದನ್ನು ಹಾಕಿದರು. ಹೊಸ ವರ್ಷದ ಹಿಂದಿನ ರಾತ್ರಿ ಮಕ್ಕಳನ್ನು ಅಳಿಸಿದ್ದಾರೆ ಪುಣ್ಯಾತ್ಮರು.

ಪುಟಾಣಿ ಯಂತ್ರ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂಜೆ ಮಗಳಿಗೆ ಸರ್ಕಸ್ಸಿನ ಕಥೆ ಹೇಳಿದೆ, ರೋಬೋಟ್ ಅಪ್ಪ ಅಮ್ಮನ ವಿಷಯವನ್ನೂ ಹೇಳಿದೆ. ಅಪ್ಪ ಅಂತ ಕರೆಯಲೇಬೇಕು ಅನ್ನೋ ಕಾನೂನಿಗೆ ಜೋರಾಗಿ ನಕ್ಕಳು. ಆಮೇಲೆ ಕೂತು ಒಂದು ಚಿತ್ರ ಬರೆದಳು. ಮನೆಯೊಳಗೆ ಆಸ್ಟ್ರೋ, ದೊಡ್ಡ ಮೂಗಿನ ತಾತ, ಕಸದ ಡಬ್ಬಿ ನಾಯಿ. ಹೊರಗೆ ಬಾಗಿಲ ಹತ್ತಿರ ಟೆನ್ಮಾ ನಿಂತಿದ್ದಾನೆ.

ನಿದ್ದೆಗೇಡಿ:
ಬಾಗಿಲು ತೆಗೆದಿದೆಯಾ?

ಪುಟಾಣಿ ಯಂತ್ರ:
ಕೇಳಿದೆ. ಅದು ನಾಳೆ ಬರೀತೀನಿ, ಈಗ ನಿದ್ದೆ ಬರ್ತಿದೆ ಅಂದಳು.

ಗೀಚುಗಾರ:
ಕೊಂಬು ಎರಡೂ ಕಾಣ್ತಿದೆಯಾ?

ಪುಟಾಣಿ ಯಂತ್ರ:
ಮೂರು ಬರೆದಿದ್ದಾಳೆ ಸಾರ್.